ಎರಡು ಮನೆಯ ಕೈ

ಚೌಡಕ್ಕನಿಗೂ ನನಗೂ ಮಾತಿಲ್ಲದ ಕಾಲ ಅದು. ಜಗಳ ಯಾಕೆ ಶುರುವಾಯಿತು ಅಂತ ಈಗ ಕೇಳಿದರೆ ಇಬ್ಬರಿಗೂ ನೆನಪಿಲ್ಲ, ಆದರೆ ತಪ್ಪು ಅವಳದೇ. ಆದರೂ ದಿನಾ ಬೆಳಗ್ಗೆ ನಮ್ಮಿಬ್ಬರ ಅಡುಗೆಮನೆ ನಡುವಿನ ಗೋಡೆಯ ಕೈಗಂಡಿಯಲ್ಲಿ ಅವಳ ಬಳೆ ಸದ್ದಾಗುತ್ತಿತ್ತು. ನಾನು ಮುಖ ಆ ಕಡೆ ತಿರುಗಿಸಿಕೊಂಡು ತೋಳನ್ನು ಗಂಡಿಯೊಳಗೆ ತೂರಿಸುತ್ತಿದ್ದೆ. ಅವಳ ಖಾನಾವಳಿಯ ಅನ್ನದ ಹಂಡೆ ಎದ್ದು ಒಲೆ ಮೇಲೆ ಕೂರುತ್ತಿತ್ತು. ಆಮೇಲೆ ನಾನು ಗೋಡೆ ತಟ್ಟುತ್ತಿದ್ದೆ, ಅವಳ ತೋಳು ಈ ಕಡೆ ಬರುತ್ತಿತ್ತು, ನಮ್ಮನೆ ನೀರಿನ ಕೊಡ ಏಳುತ್ತಿತ್ತು. ಬಳೆ ಎಷ್ಟು ಜೋರಾಗಿ ಝಣಗುಟ್ಟಿತು ಅನ್ನುವುದರ ಮೇಲೆ ಅವತ್ತಿನ ಸಿಟ್ಟು ಎಷ್ಟು ಅಂತ ನನ್ನ ಹೆಂಡತಿ ಹೇಳಿಬಿಡುತ್ತಿದ್ದಳು. ನಮ್ಮೂರಲ್ಲಿ ಮಾತು ಬಿಡಬಹುದು, ಮುಖ ನೋಡುವುದು ಬಿಡಬಹುದು, ಕೈ ಹಾಕುವುದನ್ನು ಮಾತ್ರ ಬಿಡುವ ಹಾಗಿಲ್ಲ.

ಯಾಕೆಂದರೆ ನಮ್ಮೂರಲ್ಲಿ ಕೆಳಗಿಟ್ಟ ವಸ್ತು ಏಳಬೇಕಾದರೆ ಎರಡು ಮನೆಯ ಕೈ ಬೇಕು. ಒಂದೇ ಮನೆಯವರು ಹತ್ತು ಜನ ಸೇರಿ ಮುಕ್ಕಿರಿದರೂ ಅದು ಒಂದೇ ಕೈ, ಒಂದು ಲೋಟ ಕೂಡ ಅಲುಗುವುದಿಲ್ಲ. ಬೇರೆ ಮನೆಯವರು ಒಂದು ಬೆರಳು ತಾಗಿಸಿದರೆ ಸಾಕು, ಹೂವಿನ ಹಾಗೆ ಏಳುತ್ತದೆ. ಎದ್ದ ಮೇಲೆ ಒಬ್ಬರೇ ಎಲ್ಲಿಗೆ ಬೇಕಾದರೂ ಹೊತ್ತುಕೊಂಡು ಹೋಗಬಹುದು. ಬಾಯಿಗಿಡುವ ತುತ್ತು, ಮೈಮೇಲಿನ ಬಟ್ಟೆ, ಕೂಸುಗಳು, ಇಷ್ಟಕ್ಕೆ ಮಾತ್ರ ವಿನಾಯ್ತಿ. ಹಾಗಾಗಿ ನಮ್ಮ ಜನ ಏನನ್ನೂ ಸುಮ್ಮಸುಮ್ಮನೆ ಕೆಳಗಿಡುವುದಿಲ್ಲ. ನಾನು ದರ್ಜಿ, ನನ್ನ ಕತ್ತರಿ ಯಾವಾಗಲೂ ಕೊರಳಲ್ಲಿ ನೇತಾಡುತ್ತಿರುತ್ತದೆ. ಚೌಡಕ್ಕನ ಸೊಂಟದಲ್ಲಿ ಸೌಟು.

ಹಾಗಾದರೆ ಒಂದು ಮನೆ ಅಂದರೆ ಯಾವುದು? ಅದನ್ನು ತೀರ್ಮಾನ ಮಾಡುವುದು ಉಪ್ಪು. ಅಮಾವಾಸ್ಯೆಯಿಂದ ಹುಣ್ಣಿಮೆವರೆಗೆ, ಇಲ್ಲಾ ಹುಣ್ಣಿಮೆಯಿಂದ ಅಮಾವಾಸ್ಯೆವರೆಗೆ, ಬರೀ ಒಂದು ಮನೆಯ ಉಪ್ಪನ್ನೇ ತಿಂದರೆ ನೀವು ಆ ಮನೆಯವರು. ಹೊಸದಾಗಿ ಮದುವೆಯಾಗಿ ಬಂದ ಸೊಸೆ ಮೊದಲ ಪಕ್ಷದಲ್ಲಿ ಬಲು ಉಪಕಾರಿ. ಅವಳ ಕೈ ಇನ್ನೂ ತವರಿನದು, ಅತ್ತೆ ಜೊತೆ ಸೇರಿ ಎಲ್ಲ ಪಾತ್ರೆ ಎತ್ತುತ್ತಾಳೆ. ಆಮೇಲೆ ಒಂದು ದಿನ ಕೊಡ ಏಳುವುದಿಲ್ಲ. ಅವತ್ತು ಅತ್ತೆ ಪಾಯಸ ಮಾಡುತ್ತಾಳೆ, ಸೊಸೆ ಹಿತ್ತಿಲಲ್ಲಿ ಕೂತು ಸ್ವಲ್ಪ ಅಳುತ್ತಾಳೆ. ಇದೇ ಕಾರಣಕ್ಕೆ ನಮ್ಮವರು ಹೊರಗೆ ಉಣ್ಣಲು ಹೋಗುವಾಗ ಸೊಂಟದಲ್ಲಿ ಉಪ್ಪಿನ ಸಂಚಿ ಕಟ್ಟಿಕೊಂಡಿರುತ್ತಾರೆ. ಖಾನಾವಳಿಯಲ್ಲಿ ಎಲೆ ಮುಂದೆ ಕೂತ ತಕ್ಷಣ ಮನೆಯ ಉಪ್ಪು ಒಂದು ಚಿಟಿಕೆ ಅನ್ನದ ಮೇಲೆ ಉದುರಿಸಿಕೊಳ್ಳಬೇಕು. ಇಲ್ಲದಿದ್ದರೆ ಗಿರಾಕಿಗಳೆಲ್ಲ ಚೌಡಕ್ಕನ ಮನೆಯವರೇ ಆಗಿ, ಊರೇ ಕೂತುಬಿಡುತ್ತಿತ್ತು.

ಇಂಥ ಊರಿಗೆ ಒಂದು ಬೇಸಿಗೆಯಲ್ಲಿ ನಾಲ್ಕು ದೇಶದವರು ಬಂದರು. ಅವರ ನಾಲ್ಕೂ ದೇಶಕ್ಕೆ ಸೇರಿ ಒಂದೇ ಸಮುದ್ರ, ಅದರ ಮೀನಿಗಾಗಿ ಜಗಳ. ನಮ್ಮೂರು ಯಾವ ದೇಶಕ್ಕೂ ಸೇರಿದ್ದಲ್ಲ, ಸಾಲದ್ದಕ್ಕೆ ಇಲ್ಲಿ ಯಾರೂ ಒಬ್ಬರೇ ಏನೂ ಮಾಡಕ್ಕಾಗಲ್ಲ, ಆದ್ದರಿಂದ ರಾಜಿ ಮಾತುಕತೆಗೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ ಅಂತ ಯಾರೋ ಪುಣ್ಯಾತ್ಮರು ಅವರಿಗೆ ಹೇಳಿದ್ದರಂತೆ. ನಮ್ಮ ಹಳೇ ಚಾವಡಿಯಲ್ಲಿ ಬೀಸುಕಲ್ಲಿನಷ್ಟು ದಪ್ಪದ ಒಂದು ಮುದ್ರೆಗಲ್ಲಿದೆ. ಎಲ್ಲರೂ ಕೂತಿರುವಾಗ ಆ ಕಲ್ಲನ್ನು ಎತ್ತಿ ಕಾಗದದ ಮೇಲೆ ಒತ್ತಿದರೆ ಒಪ್ಪಂದ ಮುಗಿದಂತೆ. ಅದು ಹುಣ್ಣಿಮೆಯ ದಿನ ಅಂತ ನಿಶ್ಚಯವಾಯಿತು.

ದೊಡ್ಡ ದೇಶದವರು ಅಮಾವಾಸ್ಯೆಗೆ ಮುಂಚೆಯೇ ಒಂದು ಪಟಾಲಂ ಸಮೇತ ಬಂದಿಳಿದರು. ಅಡುಗೆಯವರು, ಬರೆಯುವವರು, ಬರೆದದ್ದನ್ನು ಓದುವವರು, ಛತ್ರಿ ಹಿಡಿಯುವವರು. ಅವರ ಮುಖ್ಯಸ್ಥ ವಾಲ್ದೋರ್ ಸಾಹೇಬ, ಎತ್ತರದ ಆಳು, ನಗುವಾಗಲೂ ಹುಬ್ಬು ಅಲುಗದ ಮನುಷ್ಯ. ಗಾಡಿಯಿಂದ ಉರುಳಿಸಿದ ಅವರ ಟ್ರಂಕು ನೆಲ ಬಿಟ್ಟು ಏಳಲಿಲ್ಲ. ಇಬ್ಬರು ಹಿಡಿದರು, ನಾಲ್ವರು ಹಿಡಿದರು, ಎಂಟು ಜನ ಹಿಡಿದು ಬೆವರು ಸುರಿಸಿದರು. ನಾವೆಲ್ಲ ಕಟ್ಟೆ ಮೇಲೆ ಕೂತು ಕಡಲೆಕಾಯಿ ತಿನ್ನುತ್ತಾ ನೋಡುತ್ತಿದ್ದೆವು. ಇಷ್ಟು ದೊಡ್ಡವರಿಗೆ ಇಷ್ಟು ಸಣ್ಣ ವಿಷಯ ಗೊತ್ತಿರುವುದಿಲ್ಲ ಅಂತ ನಮಗೆ ಹೊಳೆಯಲೇ ಇಲ್ಲ. ಆಗ ಸೊಪ್ಪು ತರಲು ಹೋಗುತ್ತಿದ್ದ ಚೌಡಕ್ಕ ನಿಂತಳು. "ಅಯ್ಯೋ ನಿಮ್ಮ, ಕೇಳಬಾರದಾ?" ಅಂದು ಟ್ರಂಕಿಗೆ ಒಂದು ಬೆರಳು ತಾಗಿಸಿದಳು. ಟ್ರಂಕು ಸರಕ್ಕನೆ ಎದ್ದಿತು, ಎಂಟು ಜನವೂ ಅದರ ಸಮೇತ ಹಿಂದಕ್ಕೆ ಬಿದ್ದರು. ಕಟ್ಟೆಯ ಮೇಲೆ ನಗು ತಡೆಯಲಾಗಲಿಲ್ಲ. ವಾಲ್ದೋರ್ ಸಾಹೇಬ ನಗಲಿಲ್ಲ, ಬೈಯಲೂ ಇಲ್ಲ. ಚೌಡಕ್ಕನ ಆ ಬೆರಳನ್ನೇ ಬಹಳ ಹೊತ್ತು ನೋಡಿದ.

ಮರುದಿನ ಡಂಗುರ ಹೊಡೆಸಿದರು. ದೊಡ್ಡ ದೇಶದವರ ಬಿಡಾರದಲ್ಲಿ ಕೈ ಹಾಕಲು ಬರುವವರಿಗೆ ಜರಿ ಅಂಚಿನ ಶಾಲು, ಮನೆಮಂದಿಗೆಲ್ಲ ಮೂರು ಹೊತ್ತು ಊಟ, ಊಟದಲ್ಲಿ ಎರಡು ಸಿಹಿ. ಊರಿಗೆ ಊರೇ ಎದ್ದು ಹೋಯಿತು. ನಾನೂ ಹೋದೆ, ನನ್ನ ಹೆಂಡತಿ ನನಗಿಂತ ಮುಂಚೆ ಹೋಗಿದ್ದಳು. ಕೆಲಸ ಏನು ಅಂತೀರಿ? ಅವರು ಲೋಟ ಹಿಡಿದಾಗ ನಾವೊಂದು ಬೆರಳು ತಾಗಿಸುವುದು. ಉಳಿದ ಹೊತ್ತು ಕೂತುಕೊಳ್ಳುವುದು. ಇನ್ನೆರಡು ನಡುಗಾತ್ರದ ದೇಶದವರೂ ಬಂದರು. ಸ್ವಂತ ಒಲೆ ಹೂಡುವ ತಾಪತ್ರಯ ಯಾಕೆ ಅಂತ ಅವರೂ ದೊಡ್ಡ ದೇಶದವರ ಪಂಕ್ತಿಯಲ್ಲೇ ಕೂತರು. ಸಾರು ಹೇಗಿದೆ ಅಂತ ವಾಲ್ದೋರ್ ಕೇಳಿದರೆ ತುತ್ತು ಬಾಯಿಗಿಡುವ ಮುಂಚೆಯೇ ಬಹಳ ಚೆನ್ನಾಗಿದೆ ಅನ್ನುತ್ತಿದ್ದರು.

ಹೋಗದೆ ಉಳಿದವಳು ಚೌಡಕ್ಕ ಒಬ್ಬಳೇ. ದೊಡ್ಡ ತತ್ವವೇನಲ್ಲ, ಅಡುಗೆಯವಳ ಜಂಬ. ಬಿಡಾರದ ಸಾರಿನ ವಾಸನೆ ಗಾಳಿಯಲ್ಲಿ ಬಂದಾಗ ಮೂಗು ಮುರಿದು, "ಬೇಳೆ ಬೇಯದೆ ಒಗ್ಗರಣೆ ಹಾಕಿದಾನೆ. ನಾನು ಹೋಗಿ ಅದನ್ನ ಉಣ್ಣಬೇಕಾ? ಇನ್ನೂ ಅಷ್ಟು ಗತಿಗೆಟ್ಟಿಲ್ಲ," ಅಂದಳಂತೆ. ಆದರೆ ಖಾನಾವಳಿಯಲ್ಲಿ ಎಲೆ ಹಾಕಿಸಿಕೊಳ್ಳಲು ಒಂದು ನರಪಿಳ್ಳೆ ಇಲ್ಲ. ಗಂಡಿಯ ಈ ಕಡೆ ನಾವಿಲ್ಲ. ಅವಳ ಹಂಡೆ ನೆಲದ ಮೇಲೆ ಕೂತಿತ್ತು, ಪಕ್ಕದಲ್ಲಿ ಅವಳೂ ಕೂತಿದ್ದಳು. ಇದನ್ನೆಲ್ಲ ಆಮೇಲೆ ಅವಳೇ ಹೇಳಿದ್ದು, ಹೇಳುವಾಗ ನನ್ನನ್ನು ಏನೇನು ಬೈದಳು ಅನ್ನುವುದು ಇಲ್ಲಿ ಬೇಡ.

ಅಮಾವಾಸ್ಯೆಯ ದಿನ ಸಂಜೆ ನಾಲ್ಕನೇ ದೇಶ ಬಂತು. ದೇಶ ಅಂದರೆ ಒಬ್ಬಳು ಹೆಂಗಸು, ತಲೆ ಮೇಲೊಂದು ಗಂಟು, ಸೊಂಟದಲ್ಲಿ ಮುಚ್ಚಳ ಕಟ್ಟಿದ ತೆಂಗಿನ ಕರಟ. ಹೆಸರು ತಾಮಿ. ಸಮುದ್ರದ ನಡುವಿನ ಪುಟ್ಟ ದ್ವೀಪ ಅವಳದು. ಅಲ್ಲಿ ಪ್ರತಿನಿಧಿ ಅಂತ ಬೇರೆ ಯಾರೂ ಇರಲಿಲ್ಲವಂತೆ. ಬಲೆ ಹೆಣೆಯುವವಳು, ಮಾತು ಚುರುಕು, ಬಿಟ್ಟುಕೊಡೋ ಪೈಕಿ ಅಲ್ಲ ಅಂತ ಇವಳನ್ನೇ ಕಳಿಸಿದ್ದರು. ಬಿಡಾರದಲ್ಲಿ ಅವಳಿಗೆ ಜಾಗ ಸಿಗಲಿಲ್ಲ. ಖಾನಾವಳಿಯ ಬಾಗಿಲಲ್ಲಿ ನಿಂತು, "ಅಕ್ಕಾ, ಒಂದು ಕೋಣೆ ಸಿಗತ್ತಾ? ಗಂಟು ಕೆಳಗಿಟ್ಟರೆ ಏಳಲ್ಲ ಅಂತ ಗಾಡಿಯವನು ಹೆದರಿಸಿದ. ಬೆಳಗ್ಗೆಯಿಂದ ಇಳಿಸಿಲ್ಲ, ಕುತ್ತಿಗೆ ಬಿದ್ದುಹೋಗ್ತಿದೆ," ಅಂದಳು.

"ಇಳಿಸೇ ತಾಯಿ, ನಾನಿದೀನಿ ಎತ್ತಕ್ಕೆ," ಅಂದಳು ಚೌಡಕ್ಕ. "ಅದಕ್ಕೆ ಮುಂಚೆ ಇಲ್ಲಿ ಬಾ. ಈ ಹಂಡೆಗೊಂದು ಕೈ ಹಾಕು. ನಿನ್ನೆಯಿಂದ ಅನ್ನ ಬೆಂದಿಲ್ಲ ಈ ಮನೇಲಿ."

ಹಂಡೆ ಎದ್ದಿತು. ಇಬ್ಬರೂ ಉಂಡರು. ಸೊಂಟದ ಕರಟದಲ್ಲಿದ್ದದ್ದು ದ್ವೀಪದ ಉಪ್ಪು, ಸಮುದ್ರದ ನೀರು ಬತ್ತಿಸಿ ತಾಮಿಯ ತಾಯಿ ಮಾಡಿದ್ದು. ಅದರಲ್ಲಿ ಒಂದು ಚಿಟಿಕೆಯನ್ನು ಪ್ರತಿ ಊಟಕ್ಕೂ ಉದುರಿಸಿಕೋ, ಮರೆತೆಯೋ ನಮ್ಮಿಬ್ಬರ ಕೈ ಒಂದಾಗಿ ಇಬ್ಬರೂ ಉಪವಾಸ ಅಂತ ಚೌಡಕ್ಕ ಮೊದಲ ದಿನವೇ ಗದರಿಸಿ ಹೇಳಿದಳು.

ಒಪ್ಪಂದದಲ್ಲಿ ಏನಿದೆ ಅಂತ ತಾಮಿ ಸೊಪ್ಪು ಬಿಡಿಸುತ್ತಾ ಹೇಳಿದಾಗ ಚೌಡಕ್ಕನಿಗೆ ಮೊದಲು ನಗು ಬಂತು. ಪ್ರತಿಯೊಂದು ದೇಶಕ್ಕೂ ಅದರ ದಡದಿಂದ ಕಲ್ಲು ಬೀಸಿ ಒಗೆದರೆ ಎಲ್ಲಿ ಬೀಳುತ್ತದೋ ಅಲ್ಲಿಯವರೆಗಿನ ಸಮುದ್ರ ಸ್ವಂತ. ಅದರಾಚೆಯದು ಯಾರ ಹಡಗು ಮೊದಲು ಮುಟ್ಟುತ್ತದೋ ಅವರದು. ದೊಡ್ಡ ದೇಶಕ್ಕೂ ಇದೇ ನಿಯಮ, ದ್ವೀಪಕ್ಕೂ ಇದೇ ನಿಯಮ. ಇದಕ್ಕಿಂತ ಸಮಾನತೆ ಎಲ್ಲಾದರೂ ಉಂಟಾ ಅಂತ ವಾಲ್ದೋರ್ ಸಭೆಯಲ್ಲಿ ಕೈ ಅಗಲಿಸಿ ಕೇಳಿದ್ದನಂತೆ.

"ನಿಮ್ಮ ಹತ್ರ ಹಡಗು ಎಷ್ಟಿದಾವೆ?" ಚೌಡಕ್ಕ ಕೇಳಿದಳು.

"ಹಡಗಾ? ಮರ ಕೊರೆದ ದೋಣಿ ಅಕ್ಕ. ಹುಟ್ಟು ಹಾಕಬೇಕು. ಕಲ್ಲು ಬೀಳೋ ಜಾಗದಲ್ಲಿ ಮೀನೆಲ್ಲಿ? ಅಲ್ಲಿ ನಮ್ಮ ಮಕ್ಕಳು ಈಜಾಡ್ತಾರೆ ಅಷ್ಟೆ. ಆ ಕಲ್ಲು ಕಾಗದದ ಮೇಲೆ ಬಿದ್ದರೆ ನಾವು ಊರು ಬಿಟ್ಟು ಅವರ ಹಡಗಲ್ಲಿ ಮೀನು ಬಿಡಿಸೋ ಕೂಲಿಗೆ ಹೋಗಬೇಕು. ನಮ್ಮಮ್ಮ ಹಡಗು ಹತ್ತೋ ಪೈಕಿ ಅಲ್ಲ. ದಡದಲ್ಲೇ ಕೂತು ಸಾಯ್ತಾಳೆ."

ಚೌಡಕ್ಕನ ನಗು ಅಲ್ಲಿಗೆ ನಿಂತಿತು. "ನೀನು ಒಪ್ಪದಿದ್ರೆ ಆಯ್ತಲ್ಲ," ಅಂದಳು.

ಒಪ್ಪುವುದಿಲ್ಲ ಅನ್ನುವುದೇ ದೊಡ್ಡ ಕೆಲಸವಾಗಿತ್ತು. ಸಭೆಯಲ್ಲಿ ಪ್ರತಿ ದೇಶದ ಮುಂದೆ ಒಂದು ಕೆಂಪು ಹಲಗೆ. ತಕರಾರು ಇದ್ದವರು ಅದನ್ನು ಎತ್ತಿ ತೋರಿಸಬೇಕು. ಏಳದಿದ್ದರೆ ಒಪ್ಪಿದಂತೆ. ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ತಾಮಿ ಪಕ್ಕದ ನಡುಗಾತ್ರದ ದೇಶದವನಿಗೆ, "ಅಣ್ಣಾ, ಒಂದು ಬೆರಳು," ಅಂದಳು. ಅವನು ಚಾವಡಿಯ ಜಂತೆ ಎಣಿಸತೊಡಗಿದ. ಇನ್ನೊಬ್ಬನಿಗೆ ಅದೇ ಗಳಿಗೆಯಲ್ಲಿ ಕೆಮ್ಮು ಬಂತು. ಗೋಡೆ ಬದಿ ಶಾಲು ಹೊದ್ದು ನಿಂತಿದ್ದ ನಮ್ಮನ್ನು ನೋಡಿದಳು. ನಮಗೆ ಹೇಳಿದ್ದೇ ದೊಡ್ಡ ದೇಶದವರ ಸಾಮಾನಿಗೆ ಮಾತ್ರ ಕೈ ಹಾಕಬೇಕು ಅಂತ. ಅವಳು ಕೂಗಿ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ವಾಲ್ದೋರ್ ಮೃದುವಾಗಿ, "ದ್ವೀಪದಿಂದ ಆಕ್ಷೇಪಣೆ ಇಲ್ಲ, ಬರೆದುಕೊಳ್ಳಿ," ಅಂದ.

ಮರುದಿನ ಚೌಡಕ್ಕ ಒಲೆ ಆರಿಸಿ, ಸೌಟು ಸೊಂಟಕ್ಕೆ ಸಿಕ್ಕಿಸಿಕೊಂಡು ತಾನೇ ಸಭೆಗೆ ಬಂದಳು. ಇಬ್ಬರೂ ಸೇರಿ ಹಲಗೆ ಎತ್ತಿದರು. ಆಕ್ಷೇಪಣೆಯ ಮೇಲೆ ಆ ದಿನವೆಲ್ಲ ಚರ್ಚೆಯಾಯಿತು, ವಾಲ್ದೋರನ ಹುಬ್ಬು ಮೊದಲ ಸಲ ಅಲುಗಿತು. ಅದರ ಮರುದಿನ ಬಾಗಿಲಲ್ಲಿ ಹೊಸ ನಿಯಮ ಕಾದಿತ್ತು: ಒಳಗೆ ಪ್ರತಿನಿಧಿಗಳಿಗೆ ಮತ್ತು ಶಾಲು ಹೊದ್ದ ಸಹಾಯಕರಿಗೆ ಮಾತ್ರ ಪ್ರವೇಶ, ಹಿಂದೆ ಎತ್ತಿದ ಹಲಗೆಯೂ ರದ್ದು. ಚೌಡಕ್ಕ ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕೂತಳು. ಅಲ್ಲಿಂದ ಎದ್ದು ಹೋಗು ಅಂತ ಹೇಳುವ ನಿಯಮ ಇನ್ನೂ ಯಾರೂ ಮಾಡಿರಲಿಲ್ಲ. ದಿನಾ ಬಂದು ಕೂರುತ್ತಿದ್ದಳು. ನಾವು ಶಾಲು ಸರಿಮಾಡಿಕೊಳ್ಳುತ್ತಾ ಅವಳ ಪಕ್ಕದಿಂದ ಒಳಗೆ ಹೋಗುತ್ತಿದ್ದೆವು. ನನಗೂ ಅವಳಿಗೂ ಹೇಗೂ ಮಾತಿಲ್ಲವಲ್ಲ, ಅದೊಂದು ಅನುಕೂಲ ಆಯಿತು.

ಒಂದು ಸಂಜೆ ವಾಲ್ದೋರ್ ತಾನೇ ಖಾನಾವಳಿಗೆ ಬಂದ. ಹಿಂದೆ ಶಾಲು, ಸಿಹಿ ಬುಟ್ಟಿ. "ಚೌಡಕ್ಕನವರೇ, ನಿಮ್ಮಂಥ ಅಡುಗೆಯವರು ನಮ್ಮ ಬಿಡಾರಕ್ಕೆ ಬೇಕು. ಎಲ್ಲ ಒಲೆಗೂ ನೀವೇ ಯಜಮಾನಿ. ಈ ಖಾಲಿ ಎಲೆಗಳ ಮುಂದೆ ಯಾಕೆ ಕೂತಿದ್ದೀರಿ?"

ಚೌಡಕ್ಕನಿಗೆ ಆಸೆ ಆಗಲಿಲ್ಲ ಅಂತಲ್ಲ. ಇಪ್ಪತ್ತು ವರ್ಷದಿಂದ ತುಂಬಿದ ಪಂಕ್ತಿಗೆ ಬಡಿಸಿದ ಕೈ ಅದು. ಖಾಲಿ ಮನೆಯಲ್ಲಿ ಇಬ್ಬರಿಗಾಗಿ ಸಾರು ಕುದಿಸುವಾಗ ಅವಳಿಗೆ ಅಳು ಬರುತ್ತಿತ್ತು. ಮೇಲಿನ ಕೋಣೆಯಲ್ಲಿ ತಾಮಿ ನಾಳೆ ಹೇಳಬೇಕಾದ ಮಾತನ್ನು ತನಗೆ ತಾನೇ ಹೇಳಿಕೊಳ್ಳುತ್ತಿದ್ದದ್ದು ಕೇಳಿಸುತ್ತಿತ್ತು.

"ಸಾಹೇಬ್ರೇ, ನಾನು ಬಂದ್ರೆ ಆ ಹುಡುಗಿಗೆ ಬೆಳಗ್ಗೆ ನೀರಿನ ಲೋಟ ಯಾರು ಎತ್ತಿಸ್ತಾರೆ?"

"ಅವರೂ ಬರಲಿ. ನಮ್ಮ ಪಂಕ್ತಿಯಲ್ಲಿ ಎಲ್ಲರಿಗೂ ಜಾಗ ಇದೆ."

"ಬಂದೋರ ಸಂಚಿ ಏನಾಗ್ತಿದೆ ಅಂತ ನನಗೆ ಗೊತ್ತು," ಅಂದಳು ಚೌಡಕ್ಕ. "ಹೋಗಿ ಬನ್ನಿ. ಬುಟ್ಟಿ ಕೆಳಗಿಡಬೇಡಿ ಮತ್ತೆ, ನಾನು ಎತ್ತಿಸಲ್ಲ."

ಸಂಚಿಯ ವಿಷಯ ಹೇಳಬೇಕು. ಬಿಡಾರದ ಮೊದಲ ಊಟದ ದಿನ ನಾವೆಲ್ಲ ಅಭ್ಯಾಸದಂತೆ ಸಂಚಿ ಬಿಚ್ಚಿ ಉಪ್ಪು ಉದುರಿಸಿಕೊಂಡೆವು. ದೊಡ್ಡ ದೇಶದ ಮುಖ್ಯ ಅಡುಗೆಯವನು ಅದನ್ನು ನೋಡಿ ಸೌಟು ಬೀಸಿ ಒಗೆದ. "ನನ್ನ ಅಡುಗೆಗೆ ಉಪ್ಪು ಸಾಲದಾ? ನಮ್ಮ ದೇಶಕ್ಕೇ ಅವಮಾನ!" ಅಂತ ಕೂಗಾಡಿ ಮೂಲೆಯಲ್ಲಿ ಕೂತು ಅತ್ತೇಬಿಟ್ಟ. ಅಷ್ಟು ದಪ್ಪ ಮನುಷ್ಯ ಅಳುವುದನ್ನು ನೋಡಿ ನಮಗೆ ಹೇಗೋ ಆಯಿತು. ಊಟ ಹಾಕುವವರ ಮನಸ್ಸು ನೋಯಿಸಬಾರದಲ್ಲ. ಮರುದಿನ ಅಮಾವಾಸ್ಯೆ, ಅವತ್ತಿನಿಂದ ಎಲ್ಲರೂ ಸಂಚಿ ಮನೆಯಲ್ಲೇ ಬಿಟ್ಟು ಬಂದೆವು. ಹುಣ್ಣಿಮೆವರೆಗೆ ಇನ್ನೂ ಬೇಕಾದಷ್ಟು ದಿನ ಇದೆ, ಮಧ್ಯದಲ್ಲಿ ಒಂದು ಹೊತ್ತು ಮನೆಯಲ್ಲಿ ಉಂಡರಾಯಿತು ಅಂತ ಎಲ್ಲರೂ ಅಂದುಕೊಂಡೆವು. ಆದರೆ ದಿನಾ ಎರಡು ಸಿಹಿ. ಹೋಳಿಗೆ ಬಿಟ್ಟು ಯಾರು ಮನೆಗೆ ಹೋಗಿ ಮುದ್ದೆ ತಿರುವುತ್ತಾರೆ ಹೇಳಿ? ನಡುಗಾತ್ರದ ದೇಶದವರಂತೂ ಉಪ್ಪು ತಂದೇ ಇರಲಿಲ್ಲ.

ಹುಣ್ಣಿಮೆ ಬಂತು. ಚಾವಡಿ ಕಿಕ್ಕಿರಿದು ತುಂಬಿತ್ತು. ಮುದ್ರೆಗಲ್ಲಿಗೆ ದೊಡ್ಡ ದೇಶದ ಪರವಾಗಿ ವಾಲ್ದೋರ್ ಕೈ ಹಾಕುವುದು, ಎರಡನೇ ಕೈ ನನ್ನದು ಅಂತ ಗೊತ್ತಾಗಿತ್ತು. ಯಾಕೆ ನಾನು ಅಂದರೆ ಅವನ ಅಂಗಿ ಗುಂಡಿ ಹೊಲಿದುಕೊಟ್ಟಿದ್ದೆ. ಬೆಳಗಿನ ತಿಂಡಿಗೆ ಕೇಸರಿಬಾತು, ಉಪ್ಪಿಟ್ಟು ಎರಡೂ ಇತ್ತು. ಗಟ್ಟಿಯಾಗಿ ತಿಂದು, ಶಾಲನ್ನು ಇಸ್ತ್ರಿ ಮಾಡಿ ಹೊದ್ದು, ಮುಂದೆ ಹೋಗಿ ನಿಂತೆ. ಮೆಟ್ಟಿಲ ಮೇಲೆ ಚೌಡಕ್ಕ ಬೆನ್ನು ಮಾಡಿ ಕೂತಿದ್ದಳು. ತಾಮಿ ತನ್ನ ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗುತ್ತಿದ್ದಳು. ಏಳುವುದಿಲ್ಲ ಅಂತ ಗೊತ್ತಿದ್ದೂ ಜಗ್ಗುತ್ತಿದ್ದಳು.

"ಆಕ್ಷೇಪಣೆ ಇದೆಯಾ?" ವಾಲ್ದೋರ್ ಸುತ್ತ ನೋಡಿದ. "ಯಾವ ಹಲಗೆಯೂ ಎದ್ದಿಲ್ಲ. ಸರಿ."

ಅವನು ಕಲ್ಲಿಗೆ ಕೈ ಹಾಕಿದ. ನಾನೂ ಹಾಕಿದೆ. ಕಲ್ಲು ಏಳಲಿಲ್ಲ.

ನನ್ನ ಕೈ ಜಾರಿತೇನೋ ಅಂದುಕೊಂಡು ಶಾಲಿಗೆ ಒರೆಸಿ ಮತ್ತೆ ಹಾಕಿದೆ. ಊಹೂಂ. ವಾಲ್ದೋರ್ ನನ್ನನ್ನು ಸರಿಸಿ ಬಡಗಿಯನ್ನು ಕರೆದ. ಏಳಲಿಲ್ಲ. ಕುಂಬಾರ ಬಂದ, ನನ್ನ ಹೆಂಡತಿ ಬಂದಳು, ನಡುಗಾತ್ರದ ಎರಡು ದೇಶದವರೂ ಬಂದರು. ಇಡೀ ಸಭೆಯೇ ಆ ಕಲ್ಲಿನ ಮೇಲೆ ಬಿದ್ದು ಏದುಸಿರು ಬಿಟ್ಟಿತು. ಆಗ ಹಿಂದಿನ ಸಾಲಿನಿಂದ ಒಂದು ಮುದುಕಿ, "ಅಯ್ಯೋ ಮುಂಡೇವಾ, ಉಪ್ಪು! ಉಪ್ಪು!" ಅಂತ ಎದೆ ಬಡಿದುಕೊಂಡಿತು. ಬೆಳಗಿನ ಉಪ್ಪಿಟ್ಟು ಕೊನೆಯ ತುತ್ತಾಗಿತ್ತು. ನಾವೆಲ್ಲ, ಇಡೀ ಊರು ಮತ್ತು ಮೂರು ದೇಶ, ಒಂದೇ ಮನೆಯವರಾಗಿಬಿಟ್ಟಿದ್ದೆವು. ಅಷ್ಟು ಜನ ಸೇರಿ ಒಂದೇ ಒಂದು ಕೈ.

ಮೊದಲು ಗೊತ್ತಾದದ್ದು ಬಾಯಾರಿಕೆ. ಹೊತ್ತು ನೆತ್ತಿಗೇರಿತ್ತು, ಎಲ್ಲರ ಮುಂದೂ ನೀರು ತುಂಬಿದ ಲೋಟ, ಒಂದೂ ಏಳುತ್ತಿಲ್ಲ. ವಾಲ್ದೋರ್ ಸಾಹೇಬ ಸ್ವಲ್ಪ ಹೊತ್ತು ತಡೆದ. ಆಮೇಲೆ ಮೇಜಿನ ಮೇಲೆ ಬಗ್ಗಿ ಕರುವಿನ ಹಾಗೆ ಲೋಟಕ್ಕೆ ಬಾಯಿಟ್ಟ. ಮೂಗು ಅಡ್ಡ ಬಂತು, ಗಡ್ಡ ನೆನೆಯಿತು, ನೀರು ತುಟಿಗೆ ಸಿಗಲಿಲ್ಲ. ಯಾರೂ ನಗಲಿಲ್ಲ, ಎಲ್ಲರೂ ತಮ್ಮತಮ್ಮ ಲೋಟಕ್ಕೆ ಹೇಗೆ ಬಗ್ಗುವುದು ಅಂತ ಯೋಚಿಸುತ್ತಿದ್ದರು.

ಅವನು ಬಾಯಿ ಒರೆಸಿಕೊಂಡು ತಾಮಿಯ ಮುಂದೆ ಬಂದು ನಿಂತ. "ನಿಮ್ಮ ಕೈ ಬೇಕಾಗಿದೆ," ಅಂದ. ಪಾಪ, ಆ ಮಾತು ಅವನ ಗಂಟಲಿಗೆ ಅಭ್ಯಾಸ ಇರಲಿಲ್ಲ.

"ನನಗೂ ಬೇಕಾಗಿತ್ತು," ಅಂದಳು ತಾಮಿ. "ಒಂದು ಬೆರಳು ಕೇಳಿದೆ. ಅದನ್ನ ಮೆಟ್ಟಿಲ ಮೇಲೆ ಕೂರಿಸಿದ್ದೀರಿ."

ವಾಲ್ದೋರ್ ಬಾಗಿಲಿಗೆ ಹೋದ. ಚೌಡಕ್ಕ ತಿರುಗಿ ನೋಡಲಿಲ್ಲ. "ಒಳಗೆ ಬನ್ನಿ," ಅಂದ. "ಶಾಲಿಲ್ಲ ಸಾಹೇಬ್ರೇ,"  ಅಂದಳು. ಅವನು ತನ್ನದೇ ಹೆಗಲ ಮೇಲಿನ ಶಾಲು ತೆಗೆದು ಮುಂದೆ ಹಿಡಿದ. ಚೌಡಕ್ಕ ಅದರಲ್ಲಿ ಮೆಟ್ಟಿಲ ಧೂಳು ಒರೆಸಿ, ಎದ್ದು, ಬರಿ ಹೆಗಲಲ್ಲೇ ಒಳಗೆ ಬಂದಳು.

ನೇರ ಹಲಗೆಯ ಹತ್ತಿರ ಹೋಗುತ್ತಾಳೆ ಅಂತ ನಾವೆಲ್ಲ ಅಂದುಕೊಂಡೆವು. ತಾಮಿಯೂ ಹಾಗೇ ಅಂದುಕೊಂಡು ಕೈ ಚಾಚಿದ್ದಳು. ಚೌಡಕ್ಕ ಮೊದಲು ವಾಲ್ದೋರನ ಲೋಟಕ್ಕೆ ಬೆರಳು ತಾಗಿಸಿದಳು. "ಕುಡೀರಿ. ಬಾಯಾರಿದೋರ ಜೊತೆ ನಮ್ಮೂರಲ್ಲಿ ಜಗಳ ಆಡಲ್ಲ." ಆಮೇಲೆ ಸಾಲಾಗಿ ಎಲ್ಲರದ್ದೂ. ನನ್ನ ಲೋಟದ ಹತ್ತಿರ ಬಂದಾಗ ಬಳೆ ಬಹಳ ಜೋರಾಗಿ ಸದ್ದಾಯಿತು, ಆದರೆ ಲೋಟ ಎದ್ದಿತು. ಎಲ್ಲರೂ ಕುಡಿದಾದ ಮೇಲೆ ಇಬ್ಬರೂ ಹೆಂಗಸರು ಸೇರಿ ಕೆಂಪು ಹಲಗೆಯನ್ನು ತಲೆಗಿಂತ ಎತ್ತರಕ್ಕೆ ಎತ್ತಿ ಹಿಡಿದರು.

ಮಾತುಕತೆ ಹೊಸದಾಗಿ ಶುರುವಾಯಿತು. ವಾಲ್ದೋರ್ ಎದ್ದು ಹೋಗುವ ಬೆದರಿಕೆ ಹಾಕಿದ. "ಹೋಗಿ ಬನ್ನಿ, ಟ್ರಂಕು?" ಅಂದಳು ಚೌಡಕ್ಕ. ಟ್ರಂಕಿನಲ್ಲಿ ಅವನ ಪದಕಗಳಿದ್ದವು, ಹಾಸಿಗೆ ಇತ್ತು, ರಾಜಮುದ್ರೆಯ ಕಾಗದಗಳಿದ್ದವು. ಬರಿಗೈಯಲ್ಲಿ ಹೋಗಿ ಅವನ ದೇಶದಲ್ಲಿ ಮುಖ ತೋರಿಸುವ ಹಾಗಿರಲಿಲ್ಲ. ಅವನು ಮತ್ತೆ ಕೂತ. ತಾಮಿ ಕೇಳಿದ್ದೂ ಹೆಚ್ಚಲ್ಲ. ದೋಣಿಯೊಂದು ಹೊತ್ತು ಹುಟ್ಟುವಾಗ ಹೊರಟು, ಮೀನು ಹಿಡಿದು, ಹೊತ್ತು ಮುಳುಗುವುದರೊಳಗೆ ವಾಪಸು ಬರುವಷ್ಟು ಸಮುದ್ರ ದ್ವೀಪದ್ದು. "ನಿಮಗೂ ಇದೇ ನಿಯಮ ಇರಲಿ ಸಾಹೇಬರೇ, ಸಮಾನತೆ," ಅಂದಳು. "ನೀವೂ ಹುಟ್ಟು ಹಾಕಿಕೊಂಡೇ ಹೋಗಿ ಬನ್ನಿ." ನಡುಗಾತ್ರದವರು ಇಬ್ಬರೂ ಅಭ್ಯಾಸಬಲದಿಂದ ಬಹಳ ಚೆನ್ನಾಗಿದೆ ಅಂದುಬಿಟ್ಟರು. ಎರಡು ಹಗಲು ಎಳೆದಾಡಿದ ಮೇಲೆ ಅಷ್ಟು ಸಮುದ್ರ ದ್ವೀಪಕ್ಕೆ ಸಿಕ್ಕಿತು. ವಾಲ್ದೋರನ ಹಡಗುಗಳು ಅದರಾಚೆಗೇ ಇರಬೇಕು ಅಂತಾಯಿತು.

ಕಲ್ಲು ಎತ್ತುವ ಮುಂಚೆ ತಾಮಿ ಇನ್ನೊಂದು ಮಾತು ಸೇರಿಸಿದಳು. ಊರ ಗಡಿ ದಾಟಿದರೆ ಇವರೆಲ್ಲ ಮತ್ತೆ ಒಬ್ಬೊಬ್ಬರೇ ಏನು ಬೇಕಾದರೂ ಎತ್ತುವವರು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಒಪ್ಪಂದದ ಕಾಗದ ಯಾರ ದೇಶಕ್ಕೂ ಹೋಗಬಾರದು, ಈ ಕಲ್ಲಿನ ಕೆಳಗೇ ಇರಬೇಕು. ಬದಲಾಯಿಸಬೇಕು ಅನ್ನಿಸಿದರೆ ಇಲ್ಲಿಗೇ ಬಂದು, ದ್ವೀಪದವರ ಕೈ ಕೇಳಿ, ಕಲ್ಲು ಎತ್ತಬೇಕು. ನಮ್ಮೂರಿನವರು ಯಾರೂ ಇನ್ನು ಆ ಕಲ್ಲಿಗೆ ಕೈ ಹಾಕುವುದಿಲ್ಲ ಅಂತ ನಾವೆಲ್ಲ ಅಲ್ಲೇ ಮಾತು ಕೊಟ್ಟೆವು. ವಾಲ್ದೋರನೂ ತಾಮಿಯೂ ಕೈ ಹಾಕಿದರು, ಕಲ್ಲು ಎದ್ದಿತು, ಕಾಗದದ ಮೇಲೆ ಕೂತಿತು. ಇವತ್ತಿಗೂ ಅಲ್ಲೇ ಕೂತಿದೆ.

ದೊಡ್ಡ ದೇಶದವರ ಗಾಡಿಗಳು ಹೋದವು, ಒಂದೊಂದು ಟ್ರಂಕಿಗೂ ತಾಮಿಯೇ ಬೆರಳು ತಾಗಿಸಿ ಕಳಿಸಿದಳು. ಉಳಿದದ್ದು ನಮ್ಮ ಪಾಡು. ಎಲ್ಲರ ಹೊಟ್ಟೆಯಲ್ಲೂ ಒಂದೇ ಉಪ್ಪು. ಅವರವರ ಮನೆಯ ಉಪ್ಪು ತಿಂದು ಮತ್ತೆ ಬೇರೆ ಬೇರೆ ಆಗಲು ಅಮಾವಾಸ್ಯೆವರೆಗೆ ಕಾಯಬೇಕು. ಅಲ್ಲಿಯವರೆಗೆ ಇಡೀ ಊರಿನ ಕೊಡ, ಹಂಡೆ, ತೊಟ್ಟಿಲು, ನನ್ನ ಇಸ್ತ್ರಿಪೆಟ್ಟಿಗೆ, ಎಲ್ಲಕ್ಕೂ ಇರುವುದು ಎರಡೇ ಕೈ. ತಾಮಿ ಹೊರಟು ನಿಂತವಳು ಗಂಟನ್ನು ಒಳಗಿಟ್ಟಳು. "ನಿಮ್ಮನ್ನ ಹೀಗೆ ಬಿಟ್ಟು ಹೇಗೆ ಹೋಗಲಿ? ಅಮಾವಾಸ್ಯೆ ಹಡಗಿಗೆ ಹೋಗ್ತೀನಿ," ಅಂದಳು. ಬೆಳಗ್ಗೆ ಮೇಲಿನ ಕೇರಿಗೆ ಚೌಡಕ್ಕ, ಕೆಳಗಿನ ಕೇರಿಗೆ ತಾಮಿ. ನಮ್ಮನೆಗೆ ಬರುತ್ತಿದ್ದವಳು ತಾಮಿ. ಅವಳ ಹಲಗೆಗೆ ಬೆರಳು ತಾಗಿಸದ ನಮ್ಮ ಕೊಡಕ್ಕೆ ಅವಳು ಬೆರಳು ತಾಗಿಸುವಾಗ ನನಗೆ ನಾಚಿಕೆ ಆಗುತ್ತಿತ್ತು. ಅವಳು ಮಾತ್ರ, "ಏನಣ್ಣ, ಶಾಲು ಎಲ್ಲಿ?" ಅಂತ ನಗಿಸಿ ಹೋಗುತ್ತಿದ್ದಳು.

ಹುಣ್ಣಿಮೆಯ ರಾತ್ರಿಯ ಊಟಕ್ಕೇ ಅವಳ ಕರಟದ ಉಪ್ಪು ಮುಗಿದಿತ್ತು. ಮೊದಲ ದಿನ ಅಷ್ಟು ಗದರಿಸಿದ್ದ ಚೌಡಕ್ಕ ಅವತ್ತು ಕರಟ ತಿರುಗಿಸಿ ನೋಡಿ, "ಮುಗಿದ್ರೆ ಮುಗೀಲಿ ಬಿಡು. ಊರೆಲ್ಲ ಇದೆ ಈಗ, ನಮ್ಮಿಬ್ಬರ ಕೈಯೇ ಸೇರಬೇಕು ಅಂತೇನಿಲ್ಲ. ನನ್ನ ಡಬ್ಬಿ ಉಪ್ಪು ಹಾಕ್ಕೋ," ಅಂದಳು. ಏನು ಹೇಳುತ್ತಿದ್ದೇನೆ ಅಂತ ಅವಳಿಗೂ ಗೊತ್ತಿತ್ತು, ತಾಮಿಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತಲಿಲ್ಲ. ಕೈತುಂಬ ಬಡಿಸುವುದು, ಹೊಟ್ಟೆ ತುಂಬ ಉಣ್ಣುವುದು, ಇದೇ ನಡೆಯಿತು.

ಅಮಾವಾಸ್ಯೆಯ ಬೆಳಗ್ಗೆ ಊರು ಬೇರೆಬೇರೆಯಾಯಿತು. ಬಡಗಿಯೂ ನಾನೂ ಕೈ ಹಾಕಿದಾಗ ಇಸ್ತ್ರಿಪೆಟ್ಟಿಗೆ ಎದ್ದಿತು, ಬೀದಿಯಲ್ಲೆಲ್ಲ ಜನ ಲೋಟ ಎತ್ತಿ ಎತ್ತಿ ಇಡುತ್ತಾ ಕೇಕೆ ಹಾಕುತ್ತಿದ್ದರು. ಹಡಗಿಗೆ ಹೋಗುವ ಗಾಡಿ ಖಾನಾವಳಿಯ ಮುಂದೆ ಬಂದು ನಿಂತಿತು. ನಾನು ಅಡುಗೆಮನೆಯಲ್ಲಿದ್ದೆ. ಗಂಡಿಯ ಆಚೆ ತಾಮಿಯ ದನಿ ಕೇಳಿಸಿತು. "ಅಕ್ಕಾ, ಗಂಟಿಗೊಂದು ಕೈ ಹಾಕು. ಹೊತ್ತಾಯ್ತು."

ಬಳೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ಮತ್ತೊಮ್ಮೆ ಬಳೆ ಸದ್ದು, ಮತ್ತೆ ಏನೂ ಇಲ್ಲ. ನಾನು ತಡೆಯಲಾರದೆ ಗಂಡಿಗೆ ಮುಖ ಇಟ್ಟು ನೋಡಿದೆ. ನೆಲದ ಮೇಲೆ ಗಂಟು, ಅದರ ಎರಡೂ ಕಡೆ ಇಬ್ಬರು ಹೆಂಗಸರು ಕೈ ಹಾಕಿಕೊಂಡು ಕೂತಿದ್ದರು. ಗಂಟು ಅಲುಗುತ್ತಿರಲಿಲ್ಲ. ತಾಮಿ ಮೊದಲು ನಕ್ಕಳು, ನಗುತ್ತಾ ನಗುತ್ತಾ ಅವಳ ಕಣ್ಣು ತುಂಬಿತು. ಚೌಡಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು, "ಏಳಲ್ಲ ಕಣೇ. ಇನ್ನು ನಾನು ಎತ್ತಿದ್ರೆ ಏಳಲ್ಲ," ಅಂದಳು. "ನಮ್ಮನೆಯವಳಾಗಿಬಿಟ್ಟೆ."

"ಅಲ್ಲಿ ಹೋಗಿ ಅಮ್ಮನ ಉಪ್ಪು ತಿಂದರೆ ಮತ್ತೆ ಬೇರೆ ಆಗ್ತೀನಲ್ಲಕ್ಕ."

"ಆಗು. ನಿಮ್ಮಮ್ಮನ ಹತ್ರ ಹೋಗಿ ಬೇರೆ ಆಗು. ಮತ್ತೆ ಬಾ, ಮತ್ತೆ ಡಬ್ಬಿ ಇದ್ದೇ ಇದೆ."

ಗಾಡಿಯವನು ಕೂಗಿದ. ಚೌಡಕ್ಕ ಗಂಡಿಯ ಕಡೆ ತಿರುಗಿದಳು. ಅಷ್ಟು ತಿಂಗಳಾದ ಮೇಲೆ ಮೊದಲ ಸಲ ನಮ್ಮಿಬ್ಬರ ಕಣ್ಣು ಕೂಡಿತು.

"ಏ ಗುರುಶಾಂತ, ನೋಡ್ತಾ ನಿಂತ್ಯಲ್ಲೋ. ಕೈ ಹಾಕು ಬಾ."

"ನಿಜವಾಗ್ಲೂ ಎತ್ತಬೇಕಾ ಚೌಡಕ್ಕ?" ಅಂದೆ.

"ಎತ್ತೋ," ಅಂದಳು. "ಹಡಗು ಹೋಗಿಬಿಡತ್ತೆ."

ನಾನು ಗಂಡಿಯಲ್ಲಿ ತೋಳು ತೂರಿಸಿದೆ. ಗಂಟು ಎದ್ದಿತು.